ದಾಕ್ಷಾಯಣಮ್ಮನಿಗೆ ನೈಟು

ಡೇ ಅಂಡ್ ನೈಟ್ ಅಂತ ಕೆಂಪು ಬೋರ್ಡು, ಅದರ ಕೆಳಗೆ ಮೆಡಿಕಲ್ಸ್, ಅದರ ಕೆಳಗೆ ನೆಲದವರೆಗೂ ಎಳೆದು ಬೀಗ ಜಡಿದ ಶಟರು — ಬೆಳಗ್ಗೆ ಹತ್ತು ಗಂಟೆಗೆ, ಹಾಗಾದರೆ ಇವನ ಹತ್ತಿರ ಡೇನೂ ಇಲ್ಲ ನೈಟೂ ಇಲ್ಲ, ಬರೀ ಅಂಡ್ ಇಟ್ಕೊಂಡು ವ್ಯಾಪಾರ ಮಾಡ್ತಾನೇನೋ, ಅಂದುಕೊಂಡ ದಾಕ್ಷಾಯಣಮ್ಮನಿಗೆ ನಗು ಉಕ್ಕಿ ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು, ಪಕ್ಕದ ಸೀಟಿನವಳು ಒಂದು ಸಲ ನೋಡಿ ಸ್ವಲ್ಪ ಸರಿದು ಕೂತಳು, ಸರಿಯಲಿ, ಜಾಗ ಆಯ್ತು. ಬಸ್ಸು ಭದ್ರಾವತಿ ದಾಟಿ ಬಿ.ಎಚ್. ರಸ್ತೆಗೆ ಬಿದ್ದಿದೆ, ಕಂಡಕ್ಟರು ಆಧಾರ್ ಕಾರ್ಡಿನ ಫೋಟೋ ನೋಡಿ ಮುಖ ನೋಡಿ ಮತ್ತೆ ಫೋಟೋ ನೋಡಿದ, ಇದು ನೀವೇನಾ ಅಮ್ಮ, ನಾನೇ ಕಣಪ್ಪ, ಆಗ ನಿದ್ದೆ ಬರ್ತಿತ್ತು. ನಿದ್ದೆ. ಎರಡು ವರ್ಷದಿಂದ ಆ ಒಂದು ಮಾತು ಬಿಟ್ಟರೆ ತಲೆಯಲ್ಲಿ ಬೇರೇನೂ ಇಲ್ಲ, ಕಣ್ಣಿನ ಕೆಳಗೆ ಎರಡು ಕಪ್ಪು ಚೀಲ, ಮೊನ್ನೆ ಕಾಫಿಗೆ ಉಪ್ಪು, ಅದಕ್ಕಿಂತ ಮುಂಚೆ ಕುಕ್ಕರ್ ಮುಂದೆ ನಿಂತಲ್ಲೇ ತೂಕಡಿಸಿ ವಿಷಲ್ಲು ಕೂಗಿದಾಗ ಬಂದೆ ಬಂದೆ ಅಂತ ಬಾಗಿಲು ತೆಗೆಯೋಕೆ ಓಡಿದ್ದು. ಆದರೂ ಗಂಡನ ಹತ್ತಿರ ಸುಳ್ಳು ಹೇಳಿ ಹೊರಟಿದ್ದು ಇದೇ ಮೊದಲು, ಮಗಳು ಕೊಟ್ಟ ಸೀರೆಗೆ ಫಾಲ್ಸ್ ಹಾಕಿಸ್ಕೊಂಡು ಬರ್ತೀನಿ ಕಣ್ರೀ, ಶಿವಮೊಗ್ಗಕ್ಕೆ. ಉಜ್ಜನಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದ, ಯಾಕೆ, ಭದ್ರಾವತೀಲಿ ಸೂಜಿ ದಾರ ಮುಗಿದು ಹೋಯ್ತಾ?

ಮುಗಿದದ್ದು ಸೂಜಿ ದಾರ ಅಲ್ಲ, ತಾಳ್ಮೆ, ಅಂತ ಹೇಳಬೇಕಿತ್ತು, ಚಪ್ಪಲಿ ಮೆಟ್ಟಿದಳು. ಎಲ್ಲಾ ಆ ಒಂದು ಇಂಗ್ಲಿಷ್ ಪದದಿಂದ, ನೈಟು. ಆರನೇ ಕ್ಲಾಸಿನಲ್ಲಿ ಎದ್ದು ನಿಂತು ಓದು ಅಂದಾಗ ಎನ್ ಐ ಜಿ ಎಚ್ ಟಿ, ನಿಗ್‌ಹಟ್ ಅಂದಳು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು, ಮೇಷ್ಟ್ರು ಮಾತ್ರ ನಗದೆ, ಮಾರಾಯ್ತಿ, ಅಲ್ಲಿ ಜಿ, ಎಚ್ ಎರಡೂ ಮಲಗಿದಾವೆ, ಯಾಕೆ ಎಬ್ಬಿಸ್ತೀಯ, ಅಂದರು. ಎಷ್ಟು ಚೆಂದ ಹೇಳಿದ್ದರು ಪುಣ್ಯಾತ್ಮ, ನೈಟ್ ಅಂದರೆ ಒಳಗೆ ಯಾರಾದರೂ ಮಲಗಿರಬೇಕು ಅಂತ ಬ್ರಿಟಿಷರಿಗೂ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ಉಕ್ಕಿನ ಕಾರ್ಖಾನೆಯವರಿಗೆ. ಅಲ್ಲಿ ನೈಟ್ ಅಂದರೆ ಕತ್ತಲೆ ಅಲ್ಲ, ಡ್ಯೂಟಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳುತ್ತಿದ್ದರು, ಈ ವಾರ ಉಜ್ಜನಂಗೆ ನೈಟು, ಮುಂದಿನ ವಾರ ನೈಟಿಲ್ಲ — ಅಯ್ಯೋ, ಮುಂದಿನ ವಾರ ಪೂರ್ತಿ ಹಗಲೇ ಇರ್ತದಾ ಅಂತ ಬೆರಗಾಗಿದ್ದಳು. ಮತ್ತೆ ಆ ಫಸ್ಟ್ ನೈಟು, ನೆನೆಸಿಕೊಂಡರೆ ಈಗಲೂ — ಯಾರೋ ಪುಣ್ಯವಂತ ಹೇಳದೆ ಕೇಳದೆ ರಜೆ ಹಾಕಿದ, ಬದಲಿ ಆಳು ಬರಲಿಲ್ಲ, ಮದುಮಗನನ್ನೇ ಜೀಪಿನಲ್ಲಿ ಕರ್ಕೊಂಡು ಹೋದರು, ಬಾದಾಮಿ ಹಾಕಿದ ಹಾಲಿನ ಲೋಟ ಹಿಡಿದು ತಲೆ ತಗ್ಗಿಸಿಕೊಂಡು ಕೋಣೆಗೆ ಹೋದರೆ ಒಳಗೆ ಮಲ್ಲಿಗೆ ಹೂವು ಇದೆ, ಗಂಡ ಇಲ್ಲ. ಸ್ವಲ್ಪ ಹೊತ್ತು ಕಾದಳು, ಹಾಲು ಆರಿತು, ತಾನೇ ಕುಡಿದು ಮಲಗಿದಳು, ಹಾಗೆ ನಿದ್ದೆ ಮಾಡಿದ್ದು ಜನ್ಮದಲ್ಲಿ ಅದೇ ಕೊನೆ ಇರಬೇಕು. ಅವರ ಫಸ್ಟ್ ನೈಟ್ ನಡೆದದ್ದು ಮಾರನೇ ದಿನ ಮಟಮಟ ಮಧ್ಯಾಹ್ನ, ಹೊರಗೆ ಅತ್ತೆ ಹಪ್ಪಳಕ್ಕೆ ಕಾವಲು ಕೂತು ಕಾಗೆ ಓಡಿಸುತ್ತಿದ್ದರು, ಹುಶ್, ಹುಶ್ — ಪ್ರತಿ ಸಲ ಹುಶ್ ಅಂದಾಗಲೂ ಉಜ್ಜನಪ್ಪ ಬೆಚ್ಚಿ ಎದ್ದು ಕೂರುತ್ತಿದ್ದ.

ಬಸ್ಸು ನಿದಿಗೆ ದಾಟಿತಾ, ದಾಟಿತು, ಗಾಳಿ ತಂಪಾಗಿದೆ, ರೆಪ್ಪೆ ಎಳೀತಿದೆ, ಬೇಡ, ಮಲಗಬಾರದು, ಕಳೆದ ತಿಂಗಳು ಹೀಗೇ ಮಲಗಿ ಬಸ್ ಸ್ಟ್ಯಾಂಡಿನಲ್ಲಿ ಕ್ಲೀನರ್ ಬಂದು ಅಜ್ಜೀ ಏಳಿ ಅಂದಿದ್ದ, ಅಜ್ಜಿಯಂತೆ, ಇನ್ನೂ ಅರವತ್ತಾಗಿಲ್ಲ. ಮೂವತ್ತು ವರ್ಷ ಮನೆಯಲ್ಲಿ ಒಂದೇ ಮಾತು, ಶ್, ಅಪ್ಪಂಗೆ ನೈಟು, ಅಂದರೆ ಹಗಲು ಹೊತ್ತು ಬಾಗಿಲು ಬಡಿಯಬೇಡ, ಒಗ್ಗರಣೆ ಚಟಪಟ ಅನ್ನಿಸಬೇಡ, ಮಗಳು ಸುಮನಾ ಮಗ್ಗಿಯನ್ನು ತುಟಿಯಲ್ಲೇ ಕಲಿತಳು, ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಮಾತು ಶುರು ಮಾಡೋ ಮುಂಚೆ ಅಕ್ಕಾ, ನೈಟಾ, ಅಂತ ಬೆರಳೆತ್ತಿ ಕೇಳಿ ಆಮೇಲೆ ಬಾಯಿ ಬಿಡುತ್ತಿದ್ದಳು. ಮತ್ತೆ ನಿಜವಾದ ರಾತ್ರಿ, ಅದು ಇವಳ ಪಾಲಿಗೆ, ಗಂಡ ಅತ್ತ ಹೋದಮೇಲೆ ಮಗುವನ್ನು ತಟ್ಟಿ ಮಲಗಿಸಿ ಕಣ್ಣು ಬಿಟ್ಟುಕೊಂಡು ಬಿದ್ದಿರೋದು, ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಮುಗಿಯಿತು, ಇಡೀ ಸಾಲಿನ ಹೆಂಗಸರು ನೈಟಿಯಲ್ಲೇ ಹೊರಗೆ ಬಂದು ಕಾರ್ಖಾನೆ ಕಡೆಯ ಕೆಂಪು ಆಕಾಶ ನೋಡ್ತಾ ನಿಲ್ಲೋದು, ಸೆಲ್ವಿ ಕೈ ಹಿಡಿದು ಒಣ್ಣುಮಿಲ್ಲಕ್ಕಾ, ಒಣ್ಣುಮಿಲ್ಲ, ಏನೂ ಇಲ್ಲ ಏನೂ ಇಲ್ಲ ಅಂತ, ತನಗೇ ಹೇಳಿಕೊಳ್ಳೋ ಹಾಗೆ. ಬೆಳಗ್ಗೆ ಸೈಕಲ್ಲು ಗೇಟಿಗೆ ತಾಗಿದ ಶಬ್ದ ಕೇಳಿದಮೇಲೆ ಹೋದ ಜೀವ ಬರ್ತಿತ್ತು. ಬಂದವನು ಎರಡು ಚೊಂಬು ನೀರು ಹುಯ್ಕೊಂಡು, ತಟ್ಟೆಯಲ್ಲಿದ್ದದ್ದು ತಿಂದು, ಮಲಗಿದರೆ ಗೊರಕೆ. ರಿಟೈರಾಗಲಿ, ಆಗ ರಾತ್ರಿ ರಾತ್ರಿ ಥರ ಇರ್ತದೆ, ಹಗಲು ಹಗಲಿನ ಥರ, ಅಂತ ಕಾದದ್ದೇ ಕಾದದ್ದು.

ರಿಟೈರಾದ. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು, ಆ ಗಡಿಯಾರ ತಂದು ಮನೆಗೆ ಹಾಕಿದ ದಿನದಿಂದ ಉಜ್ಜನಪ್ಪ ರಾತ್ರಿ ಪೂರಾ ಎಚ್ಚರ. ಮೈಗೆ ಹತ್ತಿಬಿಟ್ಟಿದೆ ಕಣೇ, ಏನು ಮಾಡಲಿ. ಗೇಟು ಬೀಗ ಎಳೆದು ನೋಡೋದು, ಫ್ರಿಜ್ಜು ತೆಗೆದು ಒಳಗೆ ಲೈಟು ಹತ್ತುತ್ತಾ ನೋಡೋದು, ಟಿವಿ ಸೌಂಡ್ ತೆಗೆದು ಹಾಕೋದು, ಸೌಂಡಿಲ್ಲದ ಟಿವಿಗೆ ಇವನೇ ಜೋರಾಗಿ ಉತ್ತರ ಕೊಡೋದು. ಡಾಕ್ಟರು ಮಾತ್ರೆ ಕೊಟ್ಟರೆ ಮಾತ್ರೆ ನುಂಗಿ ಅದು ಕೆಲಸ ಮಾಡುತ್ತೋ ಇಲ್ಲವೋ ನೋಡೋಣ ಅಂತ ಎದ್ದೇ ಕೂತ. ಕಾರ್ಖಾನೆ ಕ್ಯಾಂಟೀನಿನಲ್ಲಿ ಟೀ ಬರೋ ಹೊತ್ತಿಗೆ ಸರಿಯಾಗಿ ಅವಳ ಭುಜ ಅಲುಗಿಸುವುದು, ದಾಕ್ಷಾ, ಎಚ್ಚರ ಇದ್ದೀಯಾ? ಇಲ್ಲ. ಹಾಗಾದ್ರೆ ಎದ್ದು ಟೀ ಮಾಡು. ಒಂದು ದಿನ ಅಲ್ಲ ಎರಡು ದಿನ ಅಲ್ಲ, ಎರಡು ವರ್ಷ, ಬೆಳಕು ಹರಿದ ಕೂಡಲೇ ಅವನು ಮಲಗ್ತಾನೆ, ಅವಳಿಗೆ ಹಾಲು, ನೀರು, ಒಲೆ. ಆಗ ಬಂತಲ್ಲ ದೇವರ ಹಾಗೆ, ಬೀದಿ ಕೊನೆಯ ಮನೆ ಪೂಜಿತಾ, ಶಿವಮೊಗ್ಗದಲ್ಲಿ ಓದೋ ಹುಡುಗಿ, ನಮ್ಮ ಹಾಸ್ಟೆಲಿಗೆ ನೈಟ್ ವಾರ್ಡನ್ ಬೇಕಂತೆ ಆಂಟಿ, ಹತ್ತು ಗಂಟೆಗೆ ಗೇಟ್ ಹಾಕಿದ್ರೆ ಆಯ್ತು, ಸ್ವಂತ ರೂಮು, ಸ್ವಂತ ಮಂಚ, ಸ್ವಂತ ಫ್ಯಾನು. ಸ್ವಂತ ಫ್ಯಾನು! ಜಗತ್ತೆಲ್ಲ ನೈಟ್ ಡ್ಯೂಟಿ ಅಂದರೆ ನಿದ್ದೆ ಬಿಡೋದು ಅಂದುಕೊಂಡಿದೆ, ದಾಕ್ಷಾಯಣಮ್ಮ ನಿದ್ದೆ ಮಾಡೋಕೆ ನೈಟ್ ಡ್ಯೂಟಿ ಕೇಳೋಕೆ ಹೊರಟಿದ್ದಾಳೆ, ಇದನ್ನ ಯಾರಿಗೆ ಹೇಳೋದು, ಯಾರು ನಂಬ್ತಾರೆ.

ತುಂಗೆ ಸೇತುವೆ, ಬಸ್ ಸ್ಟ್ಯಾಂಡು, ಆಟೋ, ಸವಳಂಗ ರಸ್ತೆ, ಟ್ರಾಫಿಕ್ಕಿನಲ್ಲಿ ಆಟೋದವನು ಮಾರಾಯ, ಮಾರಾಯ ಅಂತ ಎಲ್ಲರಿಗೂ ಬೈತಾ, ಬಾಯಲ್ಲಿ ಮಾತ್ರ ಒಂದೇ ಪಾಠ, ಗುಡ್ ಮಾರ್ನಿಂಗ್ ಮೇಡಂ, ಗುಡ್ ಮಾರ್ನಿಂಗ್ ಮೇಡಂ, ಹಾಸ್ಟೆಲ್ ಗೇಟಿನ ತನಕ ಸರಿಯಾಗೇ ಇತ್ತು. ಹಳದಿ ಬಣ್ಣದ ಮೂರು ಮಹಡಿ, ಕೆಳಗೆ ಆಫೀಸು, ಟೇಬಲ್ಲಿನ ಆಚೆ ಮಾಲಕಿ ಯಶೋಧರಾ ಮೇಡಂ, ಬಾಬ್ ಕಟ್ಟು, ಮೂಗಿನ ತುದಿಗೆ ಕನ್ನಡಕ, ಕನ್ನಡಕದ ಮೇಲಿಂದ ನೋಡಿದರು ನೋಡಿ, ಅಷ್ಟೇ, ಕೈ ಜೋಡಿಸಿ ದಾಕ್ಷಾಯಣಮ್ಮ ಗಟ್ಟಿಯಾಗಿ ಹೇಳಿದಳು, ಗುಡ್ ನೈಟ್ ಮೇಡಂ. ಗಡಿಯಾರ ಹನ್ನೊಂದು ತೋರಿಸ್ತಿತ್ತು. ಮೇಡಂ ಅದನ್ನು ಒಂದು ಸಲ ನೋಡಿ, ಈಗ್ತಾನೇ ಬಂದ್ರಿ, ಆಗ್ಲೇ ಹೊರಟ್ರಾ, ಅಂದರು. ಭೂಮಿ ಬಾಯ್ಬಿಡಬಾರದಾ. ಕೂತ್ಕೊಳ್ಳಿ ಪರವಾಗಿಲ್ಲ, ಬಂದಾಗ ಗುಡ್ ಈವ್ನಿಂಗು, ಹೋಗುವಾಗ ಗುಡ್ ನೈಟು, ನಮ್ಮ ಹುಡುಗೀರು ಎರಡೂ ಹೇಳಲ್ಲ, ನೀವು ಒಂದಾದ್ರೂ ಹೇಳಿದ್ರಿ. ಮೇಡಂ ನಗುತ್ತಾರೋ ಬೈತಾರೋ ಗೊತ್ತಾಗುವುದಿಲ್ಲ, ತುಟಿ ಒಂದು ಕಡೆ ಮಾತ್ರ ಏಳ್ತದೆ. ವಾರಕ್ಕೆ ಐದು ನೈಟು, ಶನಿವಾರ ಭಾನುವಾರ ಇನ್ನೊಬ್ಬರು ಬರ್ತಾರೆ. ಹೂಂ ಮೇಡಂ. ಹತ್ತಕ್ಕೆ ಗೇಟು, ಆಮೇಲೆ ಯಾರು ಏನೇ ಕತೆ ಹೇಳಿದ್ರೂ ಕರಗಬಾರದು. ಹೂಂ ಮೇಡಂ. ವಾರ್ಡನ್ ನೈಟಿಯಲ್ಲಿ ಗೇಟಿಗೆ ಬರೋ ಹಾಗಿಲ್ಲ, ಹಿಂದಿನೋರು ಬರ್ತಿದ್ರು, ಪೇರೆಂಟ್ಸ್ ಕಂಪ್ಲೇಂಟ್ ಮಾಡಿದ್ರು, ನೈಟಿ ಅಂದ್ರೆ ನಂಗೆ ಅಲರ್ಜಿ. ಹೂಂ ಮೇಡಂ, ಸೀರೆನೇ. ರಾತ್ರಿ ನಿದ್ದೆ ತಡ್ಕೋತೀರಾ? ಇಲ್ಲಿ ಹೂಂ ಅನ್ನೋಕೆ ಬಾಯಿ ಬರಲಿಲ್ಲ, ಸುಳ್ಳು ಹೇಳಿದರೆ ಬೆಳಗ್ಗೆಯಿಂದ ಎರಡನೆಯದಾಗ್ತದೆ, ಹೇಳದಿದ್ದರೆ ಸ್ವಂತ ಫ್ಯಾನು ಹೋಗ್ತದೆ, ಅಷ್ಟರಲ್ಲಿ ಚೀಲದೊಳಗೆ ಫೋನು.

ತೆಗೀರಿ ತೆಗೀರಿ, ಅಂದರು ಮೇಡಂ. ಒತ್ತಿದ್ದು ಯಾವುದನ್ನೋ, ಸ್ಪೀಕರ್ ಆನಾಗಿ ಉಜ್ಜನಪ್ಪನ ಕಾರ್ಖಾನೆ ಗಂಟಲು ಇಡೀ ಆಫೀಸಿಗೆ, ಏ ದಾಕ್ಷಾ, ಗ್ಯಾಸಿನವನು ಬಂದಿದಾನೆ, ನಿನ್ನ ಫೋನಿಗೆ ಓಟಿಪಿ ಬಂದಿರ್ತದೆ, ಬೇಗ ಹೇಳು. ಹೇಳ್ತೀನಿ ಇರ್ರಿ, ಬಾಗಿಲು ತೆಗೆದು ಸಿಲಿಂಡರ್ ಒಳಗೆ ಇಡಿಸ್ಕೊಳ್ಳಿ. ತೆಗೆಯೋಕಾಗಲ್ಲ. ಯಾಕೆ? ಆಗಲ್ಲ ಅಂದೆನಲ್ಲ. ಯಾಕ್ರೀ, ಹುಷಾರಿಲ್ವಾ, ಎದೆ ಗಿದೆ ನೋವಾ — ಕುರ್ಚಿಯಿಂದ ಎದ್ದೇಬಿಟ್ಟಳು. ಆ ಕಡೆ ತಡೆತಡೆದು, ದನಿ ತಗ್ಗಿಸಿ, ನಿನ್ನ ನೈಟಿ ಹಾಕ್ಕೊಂಡಿದೀನಿ. ಏನು? ನೈಟಿ ಕಣೇ ನೈಟಿ, ಹಸಿರುದು, ಬಿಳಿ ಹೂವಿಂದು, ಬೆಳಗ್ಗೆ ನಿದ್ದೆ ಬರ್ಲಿಲ್ಲ, ಬಟ್ಟೆ ಒಗೆಯೋಣ ಅನ್ನಿಸ್ತು, ಲುಂಗಿ ಎಲ್ಲಾ ನೆನೆಸಿದೆ, ಉಟ್ಟಿದ್ದೂ ಕೊಳೆ ಅನ್ನಿಸ್ತು ಅದನ್ನೂ ನೆನೆಸಿದೆ, ಪ್ಯಾಂಟು ಬೀರುವಿನಲ್ಲಿ, ಬೀರು ಕೀ ನಿನ್ನ ಪರ್ಸಿನಲ್ಲಿ, ಈಗ ಜಿಪ್ಪು ಬೇರೆ ಕುತ್ತಿಗೆ ಹತ್ರ ಕಚ್ಕೊಂಡಿದೆ, ಕೆಳಗೆ ಬರ್ತಿಲ್ಲ ಮೇಲೆ ಹೋಗ್ತಿಲ್ಲ, ಅವನು ಬಾಗಿಲ ಸಂದೀಲಿ ನೈಟಿ ತುದಿ ನೋಡಿ ಅಕ್ಕಾ ಅಕ್ಕಾ ಅಂತ ಕರೀತಿದಾನೆ, ನಾನೂ ಸಣ್ಣ ದನಿ ಮಾಡಿ ಬಂದೆ ಇರಪ್ಪಾ ಅಂದಿದೀನಿ. ಯಶೋಧರಾ ಮೇಡಂ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು, ಭುಜ ಮಾತ್ರ ಕುಣೀತಿದ್ದವು. ದಾಕ್ಷಾಯಣಮ್ಮ ಓಟಿಪಿ ಹೇಳಿದಳು, ಆಮೇಲೆ ಫೋನು ಇಟ್ಟುಬಿಡಬಹುದಿತ್ತು, ಇಡಲಿಲ್ಲ, ಏನು ತೋಚಿತೋ, ಹಸಿರು ನೈಟಿಯಲ್ಲಿ ನಿಂತ ಗಂಡಸಿಗೆ ಏನು ಬೇಕಾದರೂ ಹೇಳಬಹುದು ಅನ್ನಿಸಿತೇನೋ, ನಾನು ಫಾಲ್ಸ್ ಹಾಕಿಸೋಕೆ ಬಂದಿಲ್ಲ ಕಣ್ರೀ, ಅಂದಳು, ಕೆಲಸ ಕೇಳೋಕೆ ಬಂದಿದೀನಿ, ಹಾಸ್ಟೆಲಿನಲ್ಲಿ, ನಂಗೆ ನೈಟು.

ಆ ಕಡೆ ದೂರದಲ್ಲಿ ಗ್ಯಾಸಿನವನು ಅಕ್ಕಾ ಸೈನ್ ಹಾಕ್ಬೇಕು ಅಂತಿದ್ದ. ಆಮೇಲೆ, ನೈಟಾ, ನೈಟ್ ಅಂದ್ರೇನು ಗೊತ್ತಾ ನಿಂಗೆ, ನಾನು ಮಾಡಿದೀನಿ ಮೂವತ್ತು ವರ್ಷ, ಮತ್ತೆ ನಾನೇನು ಮಾಡ್ಲಿ ಇಲ್ಲಿ ರಾತ್ರಿ ಇಡೀ ಒಬ್ನೇ, ನಂಗೆ ಒಬ್ನೇ ಇದ್ದು ಗೊತ್ತಿಲ್ಲ ಕಣೇ. ಆ ಒಂದು ಮಾತು ಬಂದು ಎಲ್ಲಿಗೋ ತಾಗಿತು, ಎಲ್ಲಿಗೆ ಅಂತ ಅವಳಿಗೇ ತಿಳಿಯದ ಜಾಗಕ್ಕೆ, ಬಾಯಿ ತಾನಾಗಿ ಆಡಿತು, ನೀವು ನೈಟ್ ಮಾಡಿದ್ದು ಇನ್ನೂರು ಜನದ ಜೊತೆ ಕಣ್ರೀ, ಕ್ಯಾಂಟೀನ್ ಟೀ ಕುಡ್ಕೊಂಡು, ನಾನು ಮಾಡಿದ್ದು ಒಬ್ಬಳೇ. ಫೋನು ಕಟ್ಟಾಯಿತು. ಅವನೇ ಕಟ್ ಮಾಡಿದನೋ, ಸಿಗ್ನಲ್ ಹೋಯಿತೋ. ಮೇಡಂ ಈಗ ನಗುತ್ತಿರಲಿಲ್ಲ, ಒಂದು ಲೋಟ ನೀರು ಮುಂದಕ್ಕೆ ತಳ್ಳಿದರು, ಕುಡಿಯಿರಿ, ಅಂದರು. ಇಷ್ಟಾದಮೇಲೆ ಮುಚ್ಚಿಡೋದೇನು, ದಾಕ್ಷಾಯಣಮ್ಮ ನೀರು ಕುಡಿದು ಹೇಳಿಯೇಬಿಟ್ಟಳು, ಮೇಡಂ, ನಾನು ನಿದ್ದೆ ತಡ್ಕೊಳ್ಳೋಕೆ ಬಂದಿಲ್ಲ, ನಿದ್ದೆ ಮಾಡೋಕೇ ಬಂದಿದೀನಿ. ಮೇಡಂ ಕನ್ನಡಕ ಹಾಕಿಕೊಂಡರು. ಎಬ್ಬಿಸಿದ್ರೆ ಏಳ್ತೀರಾ? ಸೈಕಲ್ಲು ಗೇಟಿಗೆ ತಾಗಿದ ಶಬ್ದಕ್ಕೆ ಎದ್ದಿದೀನಿ ಮೇಡಂ, ಮೂವತ್ತು ವರ್ಷ. ಹಾಗಾದ್ರೆ ಮಲಗಿ, ಅಂದರು ಯಶೋಧರಾ, ಹಿಂದಿನೋರು ರಾತ್ರಿಯೆಲ್ಲ ಎದ್ದಿರ್ತಿದ್ರು, ಫೋನ್ ನೋಡ್ಕೊಂಡು, ಕರೆದ್ರೆ ಕೇಳಿಸ್ತಿರ್ಲಿಲ್ಲ, ಸೋಮವಾರದಿಂದ ಬನ್ನಿ.

ಮೇಡಂ ಹಾಸ್ಟೆಲೆಲ್ಲ ತೋರಿಸಿ ಫಾರಂ ತುಂಬಿಸಿಕೊಂಡು ಬಿಡೋ ಹೊತ್ತಿಗೆ ಮಧ್ಯಾಹ್ನ ಕಳೆದೇ ಹೋಗಿತ್ತು, ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು, ಬಿಸಿಲು ಇಳಿದಿತ್ತು, ಇಷ್ಟು ಹೊತ್ತಿಗೆ ಖುಷಿಯಾಗಬೇಕಿತ್ತು, ಸ್ವಂತ ಮಂಚ, ಸ್ವಂತ ಫ್ಯಾನು, ಆದರೆ ಕಣ್ಣು ಮುಚ್ಚಿದರೆ ಫ್ಯಾನು ಬರ್ತಿಲ್ಲ, ಹಸಿರು ನೈಟಿ ಬರ್ತಿದೆ, ಬಿಳಿ ಹೂವು, ಅದರ ಮೇಲೆ ಆ ಹುರಿ ಮೀಸೆ. ಕುಲುಮೆ ಮುಂದೆ ನಿಂತು ಬೆಂಕಿ ಜೊತೆ ಜಗಳ ಆಡಿದ ಮನುಷ್ಯ, ಜಿಪ್ಪು ಕುತ್ತಿಗೆವರೆಗೂ ಎಳೆದುಕೊಂಡಿದ್ದಾನಲ್ಲ, ಮರ್ಯಾದಸ್ಥ, ಯಾರೂ ಇಲ್ಲದ ಮನೆಯಲ್ಲಿ ಯಾರಿಂದ ಮುಚ್ಚಿಕೊಳ್ಳೋಕೆ — ನಗು ಬಂತು, ನಗುವಿನ ಹಿಂದೆಯೇ ಇನ್ನೊಂದು ಏನೋ, ಸುಮ್ಮನೆ ಫೋನು ತೆಗೆದು ನೋಡಿದಳು, ಮೆಸೇಜಿಲ್ಲ, ಕಾಲಿಲ್ಲ. ಕೋಪ ಬಂದಿದೆಯಾ, ಬರಲಿ, ಒಬ್ಬಳೇ ಅಂದದ್ದು ತಪ್ಪಾ, ತಪ್ಪೇನಲ್ಲ, ಮೇಡಂ ಎದುರು ಅಂದದ್ದು ತಪ್ಪಿರಬಹುದು, ಇಲ್ಲ ಅದೂ ಅಲ್ಲ, ಸೋಮವಾರ ಬೇಡ ಅಂತ ಫೋನ್ ಮಾಡಿ ಹೇಳಿಬಿಡ್ಲಾ, ಹೇಳಲ್ಲ, ಬಿಲ್ಕುಲ್ ಹೇಳಲ್ಲ, ಇನ್ನೊಮ್ಮೆ ಎಚ್ಚರ ಇದ್ದೀಯಾ ಅಂತ ಕೇಳಿದರೆ ಸತ್ತೇ ಹೋಗ್ತೀನಿ, ಮತ್ತೆ ಅದೇ ಹಸಿರು ನೈಟಿ, ಒಳಬಾಗಿಲ ಹತ್ತಿರ ನಿಂತು ಸಣ್ಣ ದನಿ ಮಾಡಿ ಬಂದೆ ಇರಪ್ಪಾ ಅಂತ. ಮಧ್ಯಾಹ್ನ ಏನು ತಿಂದನೋ. ಮಲಗಿದನೋ ಇಲ್ಲವೋ, ಹಗಲು ಮಲಗುವವನು, ಜಿಪ್ಪು ಗಂಟಲು ಒತ್ತಿಕೊಂಡು ಮಲಗೋದು ಹೇಗೆ. ಬಸ್ಸು ನಿಂತಿತು, ಇಳಿದಳು, ನಡೆದಳು, ತಿರುವಿನಿಂದಲೇ ಕಾಣಿಸಿತು, ಅಂಗಳದ ತಂತಿಯ ಮೇಲೆ ಲುಂಗಿಗಳು ಸಾಲಾಗಿ, ಒಣಗಿ ಗಾಳಿಗೆ ಹಾರ್ತಾ, ಜಗಲಿಯಲ್ಲಿ ಇಬ್ಬರು.

ಒಬ್ಬ ಮಲ್ಲೇಶ್, ಇವನ ಜೊತೆಯೇ ನೈಟ್ ಮಾಡಿ ಇವನ ಜೊತೆಯೇ ರಿಟೈರಾದವನು, ಕಾಲು ಚಾಚಿ ಟೀ ಕುಡೀತಿದ್ದ, ಪಕ್ಕದಲ್ಲಿ ಬೆಂಚಿನ ಮೇಲೆ ಹಸಿರು ನೈಟಿ, ಕಾಲ ಮೇಲೆ ಕಾಲು. ಬೀದಿಗೆಲ್ಲ ಕಾಣ್ತಿದೆ, ಆಚೆ ಮನೆಯ ಹುಡುಗಿಯರು ತಾರಸಿ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದಾರೆ, ಅವನಿಗೆ ಲಕ್ಷ್ಯವೇ ಇಲ್ಲ. ಬಂದ್ಯಾ, ಅಂದ ಉಜ್ಜನಪ್ಪ. ಅತ್ತಿಗೆ, ನಾನು ನಾಲ್ಕು ಗಂಟೆಯಿಂದ ಇಲ್ಲೇ ಇದೀನಿ, ಇವನು ಕತ್ತರಿ ಹಾಕೋಕೆ ಬಿಡ್ತಿಲ್ಲ, ಹೆಂಡತಿ ನೈಟಿ ಹಾಳಾಗ್ತದಂತೆ, ಅಂದ ಮಲ್ಲೇಶ್. ಆಮೇಲೆ ತಾನೇ ಮುಂದುವರಿಸಿದ, ನಂಗೂ ರಾತ್ರಿ ನಿದ್ದೆ ಬರಲ್ಲ ಅತ್ತಿಗೆ, ಇವನು ಕೇಳೋವರೆಗೂ ಯಾರಿಗೂ ಹೇಳಿರ್ಲಿಲ್ಲ, ನಾಚಿಕೆ, ಸೋಮವಾರದಿಂದ ಇಲ್ಲಿಗೇ ಬರ್ತೀನಿ, ಕೇರಂ ಬೋರ್ಡಿದೆ, ಟೀ ನಾನೇ ಮಾಡ್ತೀನಿ. ಸೋಮವಾರ ಅಂತ ನಿಮಗೆ ಹೇಗೆ ಗೊತ್ತು, ಅಂದಳು ದಾಕ್ಷಾಯಣಮ್ಮ. ಕೆಲಸಕ್ಕೆ ಸೇರೋದು ಯಾವಾಗ್ಲೂ ಸೋಮವಾರವೇ, ಅಂದ ಉಜ್ಜನಪ್ಪ, ಮುಖ ಬೇರೆ ಕಡೆ ತಿರುಗಿಸಿ, ವೀಕ್ಲಿ ಆಫ್ ಕೇಳಿದ್ಯಾ, ಎರಡು ದಿನ ಇದೆ, ಅಂದಳು, ಹಾಂ ಸರಿ, ಬದಲಿ ಆಳು ಬರೋವರೆಗೂ ಜಾಗ ಬಿಡಬೇಡ. ಮಲ್ಲೇಶ್ ಎದ್ದು ಚಪ್ಪಲಿ ಹುಡುಕಿದ, ಬೇಕಂತಲೇ ಬಹಳ ಹೊತ್ತು ಹುಡುಕಿ, ಹೋದ.

ಒಳಗೆ ಬನ್ನಿ, ಅಂದಳು. ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆ ತಂದಳು, ಜಿಪ್ಪಿಗೆ ಒಂದೆರಡು ಹನಿ ಬಿಟ್ಟಳು, ಬೆರಳು ಜಾರಿತು, ದಾರದ ಎಳೆ ಹಲ್ಲಿನಲ್ಲಿ ಸಿಕ್ಕಿಕೊಂಡಿದೆ, ಯಾವ ಸೀಮೆ ಶಕ್ತಿ ಹಾಕಿ ಎಳೆದಿದ್ದಾನೋ. ದಾಕ್ಷಾ. ಹೂಂ. ನಂಗೆ ನೈಟ್ ಇದ್ದಾಗ ನಿಂಗೆ ಹೆದರಿಕೆ ಆಗ್ತಿತ್ತಾ? ಎಳೆಯನ್ನು ಉಗುರಿನಿಂದ ಬಿಡಿಸ್ತಾ ಬಿಡಿಸ್ತಾ ಹೇಳಿದಳು, ಆಗ್ತಿತ್ತು. ಹೇಳ್ಬೇಕಿತ್ತಲ್ಲ. ನೀವು ಮಲಗಿರ್ತಿದ್ರಿ. ಬೆಳಕು ಸಾಲದು, ತಲೆ ಎತ್ತಿ ಸ್ವಲ್ಪ, ಅಂದಳು, ಎತ್ತಿದ, ಗದ್ದ ಪೂರ್ತಿ ಮೇಲೆತ್ತಿ ಕಣ್ಣು ಮುಚ್ಚಿ ನಿಂತ, ಕ್ಷೌರದವನಿಗೆ ಬಿಟ್ಟರೆ ಯಾರಿಗೂ ಹೀಗೆ ಕತ್ತು ಒಡ್ಡಿದವನಲ್ಲ, ನರೆತ ಕುರುಚಲು, ಅದರ ಕೆಳಗೆ ತೆಳ್ಳಗಾದ ಚರ್ಮ, ಚರ್ಮದ ಕೆಳಗೆ ಟಕಟಕ ಅನ್ನೋ ನರ, ಅದರ ಕೆಳಗೆ ಬಿಳಿ ಹೂವಿನ ಹಸಿರು ನೈಟಿ, ಮೆಲ್ಲಗೆ ಕಣೇ, ಅಂದ, ಮೆಲ್ಲಗೇ, ಅಂದಳು, ಬೆರಳು ಅಲ್ಲೇ ನಿಂತಿತು, ಇಷ್ಟು ಬೇಗ ಬಿಡಿಸೋಕೆ ಮನಸ್ಸಾಗಲಿಲ್ಲ, ಎತ್ತಿದ ಗದ್ದ, ಮುಚ್ಚಿದ ಕಣ್ಣು, ಹಸಿರು ನೈಟಿ, ಎತ್ತಿದ ಗದ್ದ —